ಒಳಪದರ ದಪ್ಪ ಇದೆ ಅಂದಾಕ್ಷಣ ಗರ್ಭಕೋಶ ತೆಗೆಯಬೇಕಾ?

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಚುಕ್ಕೆ ರಕ್ತ ಕಂಡರೂ ನಾನು ಅದನ್ನು ಹಗುರವಾಗಿ ಬಿಡುವುದಿಲ್ಲ. ಹಾಗಂತ ನೇರವಾಗಿ ಆಪರೇಷನ್‌ಗೂ ಬರೆಯುವುದಿಲ್ಲ.

ಸುಮಾರು ಅರವತ್ತರ ಹೆಂಗಸೊಬ್ಬರು ಹೀಗೆ ರಕ್ತ ಕಂಡು, ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬಂದಿದ್ದರು. ಗರ್ಭಕೋಶದ ಒಳಪದರ 11 ಮಿ.ಮೀ. ಸಕ್ಕರೆ ಕಾಯಿಲೆ ಇತ್ತು, ತೂಕವೂ ಜಾಸ್ತಿ. "ಇನ್ನು ಇದನ್ನಿಟ್ಕೊಂಡು ಏನು ಮಾಡ್ಲಿ ಡಾಕ್ಟ್ರೇ, ತೆಗೆದ್ಬಿಡಿ" ಅಂದರು. ರಕ್ತಸ್ರಾವ ಆದವರಲ್ಲಿ ಪದರ 4 ಮಿ.ಮೀ. ಒಳಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಡಿಮೆ. ಅದಕ್ಕಿಂತ ದಪ್ಪ ಇದ್ದರೆ ಕ್ಯಾನ್ಸರ್ ಎಂದಲ್ಲ, ಬಯಾಪ್ಸಿ (ಪದರದ ತುಣುಕು ತೆಗೆದು ಪರೀಕ್ಷೆ) ಮಾಡಬೇಕು ಅಂತ ಅಷ್ಟೇ. ಜೀವಕೋಶಗಳು ಹೇಗಿವೆ ಎಂಬುದು ಸ್ಕ್ಯಾನಿಂಗಿಗೆ ಕಾಣುವುದಿಲ್ಲ.

ಪೈಪೆಲ್ ಎಂಬ ಸಣ್ಣ ಕೊಳವೆಯಿಂದ ಓಪಿಡಿಯಲ್ಲೇ ತುಣುಕು ತೆಗೆದೆ. ಮುಟ್ಟಿನ ನೋವಿನಂತೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಹೇಳಿದ್ದೆ. ಈ ವಯಸ್ಸಿನಲ್ಲಿ ಗರ್ಭಕೋಶದ ಬಾಯಿ ಕಿರಿದಾಗಿ ಕೊಳವೆ ಒಳಗೆ ಹೋಗದಿರುವುದೂ ಉಂಟು. ಆಗ, ಅಥವಾ ಪಾಲಿಪ್ (ಪದರದಿಂದ ಜೋತುಬೀಳುವ ಸಣ್ಣ ಗಂಟು) ಅನುಮಾನವಿದ್ದರೆ, ಗರ್ಭಕೋಶದೊಳಗೆ ಕ್ಯಾಮೆರಾ ಇಟ್ಟು ನೋಡುವ ಹಿಸ್ಟರೋಸ್ಕೋಪಿಯೇ ಸರಿ.

ರಿಪೋರ್ಟ್: ಹೈಪರ್‌ಪ್ಲೇಸಿಯಾ, ಅಂದರೆ ಪದರ ಅತಿಯಾಗಿ ಬೆಳೆದಿದೆ, ಆದರೆ ಎಟಿಪಿಯಾ, ಅಂದರೆ ಜೀವಕೋಶಗಳ ರೂಪ ಕೆಟ್ಟಿರುವುದು, ಇಲ್ಲ. ನನ್ನ ಮಟ್ಟಿಗೆ ಇಡೀ ಚಿಕಿತ್ಸೆ ನಿಂತಿರುವುದು ಆ ಎರಡನೇ ಮಾತಿನ ಮೇಲೆ. ಎಟಿಪಿಯಾ ಇದ್ದಿದ್ದರೆ ಗರ್ಭಕೋಶ, ಅಂಡಾಶಯ, ನಾಳ ಎಲ್ಲವನ್ನೂ ತೆಗೆಸಿಕೊಳ್ಳಿ ಎಂದು ನಾನೇ ಒತ್ತಾಯಿಸುತ್ತಿದ್ದೆ, ಏಕೆಂದರೆ ಅಂಥವರಲ್ಲಿ ಅನೇಕರಿಗೆ ಒಳಗೆ ಕ್ಯಾನ್ಸರ್ ಆಗಲೇ ಅಡಗಿರುತ್ತದೆ. ಎಟಿಪಿಯಾ ಇಲ್ಲದಿದ್ದರೆ ಅದು ಕ್ಯಾನ್ಸರ್‌ಗೆ ತಿರುಗುವ ಸಂಭವ 20 ವರ್ಷಗಳಲ್ಲಿ ಶೇ. 5ಕ್ಕಿಂತ ಕಡಿಮೆ.

ಕಾರಣವನ್ನೂ ಕೂರಿಸಿ ಹೇಳಿದೆ. ಅಂಡಾಶಯ ಕೆಲಸ ನಿಲ್ಲಿಸಿದರೂ ಮೈಯ ಕೊಬ್ಬು ಪದರ ಬೆಳೆಸುವ ಈಸ್ಟ್ರೊಜೆನ್ ಹಾರ್ಮೋನ್ ತಯಾರಿಸುತ್ತಲೇ ಇರುತ್ತದೆ. ಅದನ್ನು ತಡೆಯುವ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರಾನ್ ಇಲ್ಲ, ಪದರ ಬೆಳೆಯುತ್ತದೆ. ಪದರ ದಪ್ಪವಾಗಲು ಬೇರೆ ಕಾರಣವೂ ಇರಬಹುದು; ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ಮಾತ್ರೆ ನುಂಗುತ್ತಿದ್ದಾರಾ, ಯಾವುದಾದರೂ ಹಾರ್ಮೋನ್ ಮಾತ್ರೆ ಇದೆಯಾ ಎಂದು ಕೇಳುವುದನ್ನು ನಾನು ತಪ್ಪಿಸುವುದಿಲ್ಲ. ಅಂಡಾಶಯದಲ್ಲಿ ಗಡ್ಡೆ ಇದೆಯೇ ಎಂದೂ ನೋಡಬೇಕು.

ಮಿರೇನಾ (ಪ್ರೊಜೆಸ್ಟರಾನ್ ಬಗೆಯ ಔಷಧಿ ಬಿಡುವ, ಗರ್ಭಕೋಶದೊಳಗೆ ಇಡುವ ವಂಕಿ) ಹಾಕೋಣ ಎಂದಾಗ ಅವರಿಗೆ ನಾಚಿಕೆ: "ಈ ವಯಸ್ಸಲ್ಲಿ ವಂಕಿನಾ?" ಜೊತೆಗಿದ್ದ ಮಗಳು ನಕ್ಕುಬಿಟ್ಟಳು. ಇದು ಮಕ್ಕಳಾಗದಿರಲು ಅಲ್ಲ, ಔಷಧಿ ನೇರವಾಗಿ ಪದರಕ್ಕೇ ಸಿಗಲು ಎಂದು ವಿವರಿಸಿದ ಮೇಲೆ ಒಪ್ಪಿದರು. ಪ್ರೊಜೆಸ್ಟರಾನ್ ಮಾತ್ರೆಯೂ ಆಗುತ್ತದೆ, ಆದರೆ ತಿಂಗಳುಗಟ್ಟಲೆ ತಪ್ಪದೆ ನುಂಗುವವರು ಕಡಿಮೆ, ಫಲವೂ ಮಿರೇನಾದಷ್ಟಿಲ್ಲ.

ಆರು ತಿಂಗಳ ಬಯಾಪ್ಸಿಯಲ್ಲಿ ಹೈಪರ್‌ಪ್ಲೇಸಿಯಾ ಇರಲಿಲ್ಲ. ಎರಡನೆಯದಕ್ಕೆ ಬರಲು ತಕರಾರು, "ರಕ್ತವೇ ನಿಂತಿದೆಯಲ್ಲ" ಅಂತ. ಆರು ತಿಂಗಳ ಅಂತರದಲ್ಲಿ ಮಾಡಿದ ಎರಡು ಬಯಾಪ್ಸಿಯೂ ಸರಿಯಾಗಿರಬೇಕು ಎಂದು ಫೋನ್ ಮಾಡಿಸಿ ಕರೆಸಿದೆ. ಅದೂ ಸರಿ ಬಂತು. ತೂಕ ಮಾತ್ರ ಇಳಿದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಬಯಾಪ್ಸಿ ಮುಂದುವರಿಸಿದ್ದೇನೆ.