ಕುದಿಸೋದು ಬಿಟ್ಟ ಮೇಲೆ ಸಿಕ್ಕ ಚಹಾ

“ಯಾರಿಗೆ ಜ್ವರ?”

ನಾನು ಮಾಡಿದ ಮೊದಲ ಪುದೀನ-ತುಳಸಿ ಚಹಾಕ್ಕೆ ಯಜಮಾನರಿಂದ ಸಿಕ್ಕ ಶಭಾಷ್‌ಗಿರಿ ಇದು. ಅವರ ತಪ್ಪೇನಿಲ್ಲ. ಒಂದು ಹಿಡಿ ಪುದೀನ, ಒಂದು ಹಿಡಿ ತುಳಸಿ, ಒಂದು ತುಂಡು ಶುಂಠಿ ಎಲ್ಲ ಒಟ್ಟಿಗೆ ಹಾಕಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿದ್ದೆ. ಬಣ್ಣ ಕೆಸರು ನೀರಿನದು, ವಾಸನೆ ಬೇಯಿಸಿದ ಸೊಪ್ಪಿನದು. ಐಸ್ ಹಾಕಿ ನಿಂಬೆಹೋಳು ಸಿಕ್ಕಿಸಿ ಕೊಟ್ಟರೂ ಅದು ಔಷಧಿಯೇ ಆಗಿತ್ತು.

ನಾನು ಶಿರಸಿ ಕಡೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಕೇಳುವುದು “ಆಸ್ರಿಗೆ ಎಂತ ಬೇಕು?” ಅಂತ. ಚಹಾ, ಕಷಾಯ, ಬೇಸಿಗೆಯಾದರೆ ಮುರುಗಲು (ಕೋಕಂ) ಪಾನಕ. ಕಷಾಯಕ್ಕೆ ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡಿ ಡಬ್ಬದಲ್ಲಿ ಇಟ್ಟಿರುತ್ತಾರೆ. ಬೆಲ್ಲದ ನೀರಿಗೆ ಪುಡಿ ಹಾಕಿ ಚೆನ್ನಾಗಿ ಕುದಿಸಿ, ಕೊನೆಗೆ ಹಾಲು. ಅದು ಕುದಿದಷ್ಟೂ ರುಚಿ. ಹಾಗಾಗಿ ನೀರಿಗೆ ಏನೇ ಬಿದ್ದರೂ ಕುದಿಸಬೇಕು ಅಂತ ನನ್ನ ಕೈ ರೂಢಿ ಮಾಡಿಕೊಂಡಿತ್ತು.

ಆಯಿಗೆ, ಅಂದರೆ ಅಮ್ಮನಿಗೆ, ಫೋನ್ ಮಾಡಿ ಗೋಳು ಹೇಳಿಕೊಂಡೆ. “ತಂಬುಳಿಗೆ ಒಂದೆಲಗ ಕುದಿಸ್ತ್ಯಾ?” ಅಂದಳು ಆಯಿ. ಇಲ್ಲ. ಹಸಿಯಾಗೇ ರುಬ್ಬುತ್ತೇವೆ. “ಮತ್ತೆ ಪಾಪದ ಪುದೀನಕ್ಕೆ ಎಂತಕ್ಕೆ ಅಷ್ಟು ಕುದಿ?”

ಅಲ್ಲಿಂದ ನನ್ನ ನಿಜವಾದ ಪಾಠ ಶುರುವಾಯಿತು. ಎಲೆಯ ಪರಿಮಳ ಇರುವುದು ಅದರೊಳಗಿನ ಎಣ್ಣೆಯಲ್ಲಿ. ಕುದಿಸಿದರೆ ಅದು ಆವಿಯ ಜೊತೆ ಹೊರಟು ಹೋಗುತ್ತದೆ. ಅಡುಗೆಮನೆ ಘಂ ಅನ್ನುತ್ತಿದೆ ಅಂತ ನಾವು ಖುಷಿಪಡುತ್ತಿರುತ್ತೇವೆ. ಪರಿಮಳ ಮನೆಯೆಲ್ಲ ಹರಡಿದೆ ಅಂದರೆ ಲೋಟದಲ್ಲಿ ಅಷ್ಟು ಕಡಿಮೆಯಾಯಿತು ಅಂತ ಅರ್ಥ, ಅಲ್ವಾ?

ಈಗ ನಾನು ಮಾಡುವುದು ಹೀಗೆ. ನೀರು ಕುದಿಸಿ ಒಲೆ ಆರಿಸುತ್ತೇನೆ. ಗುಳ್ಳೆ ಪೂರ್ತಿ ನಿಲ್ಲುವವರೆಗೆ, ಅಂದರೆ ಒಂದೆರಡು ನಿಮಿಷ, ಸುಮ್ನೆ ಬಿಡುತ್ತೇನೆ. ಎಲೆಯನ್ನು ಅಂಗೈಯಲ್ಲಿಟ್ಟು ಎರಡು ಸಲ ತಟ್ಟಿ ನೀರಿಗೆ ಹಾಕಿ ತಕ್ಷಣ ಮುಚ್ಚಳ ಮುಚ್ಚುತ್ತೇನೆ. ಪುದೀನ, ತುಳಸಿಗೆ ಐದು ನಿಮಿಷ ಸಾಕು. ಹತ್ತು ನಿಮಿಷ ದಾಟಿದರೆ ಪುದೀನ ಒಗರಾಗುತ್ತದೆ. ಒಂದು ಲೋಟಕ್ಕೆ ಹತ್ತು-ಹನ್ನೆರಡು ಹಸಿ ಎಲೆ ಬೇಕು. ಒಣಗಿಸಿದ್ದಾದರೆ ಒಂದು ಟೀ ಚಮಚ.

ಈ ಮುಚ್ಚಳದ ಮಾತು ಸುಮ್ಮನೆ ಹೇಳಿದ್ದಲ್ಲ. ಒಂದು ಸಲ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಚಹಾ ಮಾಡಿ ಮುಚ್ಚಳ ತೆಗೆದು ತಿರುಗಿಸಿ ನೋಡಿ. ಅದರ ಒಳಬದಿಗೆ ಸಣ್ಣ ಹನಿಗಳು ಅಂಟಿಕೊಂಡಿರುತ್ತವೆ. ಒಂದನ್ನು ಬೆರಳಲ್ಲಿ ತೆಗೆದು ಮೂಸಿದರೆ ಕೆಳಗಿನ ಇಡೀ ಪಾತ್ರೆಗಿಂತ ಜಾಸ್ತಿ ಘಮ ಆ ಒಂದು ಹನಿಯಲ್ಲಿ ಇರುತ್ತದೆ. ನಾನು ಮುಚ್ಚಳವನ್ನು ಪಾತ್ರೆಯ ಮೇಲೇ ಓರೆ ಮಾಡಿ ತಟ್ಟಿ ಆ ಹನಿಗಳನ್ನು ವಾಪಸ್ ಬೀಳಿಸುತ್ತೇನೆ. ಯಜಮಾನರು ಇದನ್ನು ಜಿಪುಣತನ ಅನ್ನುತ್ತಾರೆ. ಅಂದುಕೊಳ್ಳಲಿ.

ಮಜ್ಜಿಗೆ ಹುಲ್ಲು ಮಾತ್ರ ಸ್ವಲ್ಪ ಗಟ್ಟಿ ಆಸಾಮಿ, ಎರಡು ನಿಮಿಷದ ಸಣ್ಣ ಕುದಿ ತಡೆಯುತ್ತದೆ. ಬುಡದ ಬಿಳಿ ಭಾಗವನ್ನು ಕುಟ್ಟಾಣಿಯಲ್ಲಿ ಜಜ್ಜಿ ಹಾಕಬೇಕು. ಎಲೆ ಕೊಯ್ಯುವಾಗ ಕತ್ತರಿ ಹಿಡಿಯಿರಿ, ಅಂಚು ಬ್ಲೇಡಿನ ಹಾಗೆ ಕೈ ಕುಯ್ಯುತ್ತದೆ. ಊರಿಂದ ಒಂದು ಮರಿ ತಂದು ಟೆರೇಸಿನ ಹಳೇ ಬಕೆಟ್ಟಿನಲ್ಲಿ ನೆಟ್ಟೆ. ಈಗ ಅಕ್ಕಪಕ್ಕದ ಮೂರು ಮನೆಗೆ ಹಂಚುವಷ್ಟು ಬೆಳೆದಿದೆ. ಬಿಸಿಲು ಒಂದಿದ್ದರೆ ಸಾಕು ಅದಕ್ಕೆ.

ಬೇರಿನ ಕಥೆ ಬೇರೆ. ಶುಂಠಿಯನ್ನು ಧಾರಾಳವಾಗಿ ಕುದಿಸಬಹುದು, ಹತ್ತು ನಿಮಿಷವಾದರೂ ಅದಕ್ಕೆ ಬೇಜಾರಿಲ್ಲ. ಲಾವಂಚಕ್ಕೆ ಒಲೆಯೇ ಬೇಡ. ಗ್ರಂಧಿಗೆ ಅಂಗಡಿಯಲ್ಲಿ ಬೇರಿನ ಕಟ್ಟು ಸಿಗುತ್ತದೆ. ಮಣ್ಣು ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆದು ಕುಡಿಯುವ ನೀರಿನ ಮಡಕೆಗೆ ರಾತ್ರಿ ಹಾಕಿಡಿ. ಬೆಳಿಗ್ಗೆ ನೀರಿಗೆ ಮೊದಲ ಮಳೆ ಬಿದ್ದ ನೆಲದ ವಾಸನೆ ಬಂದಿರುತ್ತದೆ. ಎರಡು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ ಮತ್ತೆ ಹಾಕುತ್ತೇನೆ, ಘಮ ಇರುವ ತನಕ.

ಸೊಗದೆ ಬೇರನ್ನು ನಾನು ಕುದಿಸಿ ಕೆಡಿಸಿದ್ದೇನೆ. ನನ್ನಾರಿ ಅಂತ ಬಾಟಲಿಯಲ್ಲಿ ಶರಬತ್ತು ಮಾರುತ್ತಾರಲ್ಲ, ಅದೇ ಬೇರು. ಅದರ ಘಮವೆಲ್ಲ ಹೊರಗಿನ ಸಿಪ್ಪೆಯಲ್ಲಿದೆ, ನಡುವಿನ ಬಿಳಿ ಕಡ್ಡಿಯಲ್ಲಿ ಏನೂ ಇಲ್ಲ. ಬೇರನ್ನು ಜಜ್ಜಿ ಕಡ್ಡಿ ಎಳೆದು ಬಿಸಾಡುತ್ತೇನೆ. 50 ಗ್ರಾಂ ಸಿಪ್ಪೆಗೆ ಅರ್ಧ ಲೀಟರ್ ಕುದಿಯುವ ನೀರು ಸುರಿದು, ಮುಚ್ಚಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಅರ್ಧ ಕಿಲೋ ಸಕ್ಕರೆ ಹಾಕಿ, ಸಕ್ಕರೆ ಕರಗುವಷ್ಟು ಮಾತ್ರ ಬಿಸಿ. ಫ್ರಿಜ್ಜಿನಲ್ಲಿ ಇಟ್ಟುಕೊಂಡರೆ ಎರಡು ಚಮಚ ಶರಬತ್ತು, ಅರ್ಧ ನಿಂಬೆಹಣ್ಣು, ತಣ್ಣೀರು. ಇದಕ್ಕೆ ಕಾಮಕಸ್ತೂರಿ ಬೀಜ ನೆನೆಸಿ ಹಾಕಿದರೆ ಮಧ್ಯಾಹ್ನದ ಊಟವೂ ಬೇಡ ಅನಿಸುತ್ತದೆ.

ಹೂವಿನ ವಿಷಯದಲ್ಲಿ ಪೂರಾ ಎರಡು ತಿಂಗಳು ಮೋಸ ಹೋದೆ. ಒಂದು ಕಡೆ ಕುಡಿದ ‘ದಾಸವಾಳ ಚಹಾ’ ಕೆಂಪಗೆ, ಹುಳಿಹುಳಿಯಾಗಿ ಬಹಳ ಚೆನ್ನಾಗಿತ್ತು. ನಮ್ಮ ಗೇಟಿನ ಪಕ್ಕದಲ್ಲೇ ಐದೆಸಳಿನ ಕೆಂಪು ದಾಸವಾಳ ದಿನಾ ಹತ್ತು ಹೂ ಬಿಡುತ್ತದೆ. ದೇವರಿಗೆ ಇಟ್ಟು ಉಳಿದದ್ದನ್ನು ಒಣಗಿಸಿ ಬಿಸಿನೀರಿಗೆ ಹಾಕಿದೆ. ಬಣ್ಣ ಕೆಂಪಲ್ಲ, ಹಸಿರು ಮಿಶ್ರಿತ ನೀಲಿ ಬೂದಿ! ರುಚಿಯೂ ಸಪ್ಪೆ. ಹೂ ಕೆಟ್ಟಿದೆ ಅಂದುಕೊಂಡು ಚೆಲ್ಲಿದೆ. ಮತ್ತೊಂದು ದಿನ ಮಾಡಿದಾಗ ನೇರಳೆ ಬಂತು. ಆಮೇಲೆ ಗೊತ್ತಾಯಿತು, ಮೊದಲ ದಿನ ನಲ್ಲಿಯಲ್ಲಿ ಬಂದದ್ದು ಬೋರ್‌ವೆಲ್ ನೀರು, ಎರಡನೇ ದಿನ ಕಾವೇರಿ. ದಾಸವಾಳದ ಬಣ್ಣ ಹುಳಿಯಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ನೀಲಿ-ಹಸಿರಿಗೆ ತಿರುಗುತ್ತದೆ. ನಮ್ಮ ಬೋರ್ ನೀರು ಗಡಸು, ಕುದಿಸಿದ ಪಾತ್ರೆಯಲ್ಲಿ ಬಿಳಿ ಪರೆ ಕಟ್ಟುವಂಥದ್ದು. ಆ ಬೂದಿ ಬಣ್ಣದ ಲೋಟಕ್ಕೆ ನಾಲ್ಕು ಹನಿ ನಿಂಬೆರಸ ಬಿದ್ದಿದ್ದರೆ ಕಣ್ಣೆದುರೇ ಗುಲಾಬಿ ಆಗುತ್ತಿತ್ತು. ಚೆಲ್ಲುವ ಅಗತ್ಯವೇ ಇರಲಿಲ್ಲ.

ಹುಳಿ ಯಾಕಿಲ್ಲ ಅನ್ನೋದಕ್ಕೆ ಉತ್ತರ ಧಾರವಾಡದ ಗೆಳತಿಯಿಂದ ಬಂತು. ಅಂಗಡಿಯಲ್ಲಿ ದಾಸವಾಳ ಚಹಾ ಅಂತ ಮಾರುವುದು ನಮ್ಮ ಪೂಜೆಯ ದಾಸವಾಳ ಅಲ್ಲ. ಅವರ ಕಡೆ ಪಲ್ಯ ಮಾಡುವ ಪುಂಡಿಯ ಬಳಗದ ಗಿಡ ಅದು. ಹೂ ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪನೆಯ ಕೆಂಪು ಹೊದಿಕೆಯನ್ನು ಬಿಡಿಸಿ ಒಣಗಿಸುತ್ತಾರೆ. ಹುಳಿ ಇರುವುದು ಅದರಲ್ಲಿ. ಈಜಿಪ್ಟಿನವರು ಕರ್ಕಡೆ ಅಂತ ತಣ್ಣಗೂ ಬಿಸಿಯಾಗಿಯೂ ಕುಡಿಯುವುದು ಇದನ್ನೇ. ಈಗ ಎರಡನ್ನೂ ಸೇರಿಸುತ್ತೇನೆ: ಮೂರು ದಾಸವಾಳದ ಎಸಳು, ಎರಡು ಒಣ ಪುಂಡಿ ಹೊದಿಕೆ, ಒಂದು ಏಲಕ್ಕಿ. ಕಬ್ಬಿಣದ ಪಾತ್ರೆ, ಅಲ್ಯೂಮಿನಿಯಂ ಪಾತ್ರೆ ಎರಡೂ ಇದಕ್ಕೆ ಬೇಡ. ಸ್ಟೀಲ್ ಅಥವಾ ಗಾಜು.

ಶಂಖಪುಷ್ಪಕ್ಕೆ ರುಚಿ ಅಂತ ಹೇಳಿಕೊಳ್ಳುವಂಥದ್ದು ಇಲ್ಲ, ಬಣ್ಣ ಮಾತ್ರ. ಕಳೆದ ಬೇಸಿಗೆಯಲ್ಲಿ ಆಯಿ ಬಂದಿದ್ದಾಗ ಅದರ ನೀಲಿ ಐಸ್ ಮಾಡಿಟ್ಟಿದ್ದೆ. ನಿಂಬೆ ಪಾನಕಕ್ಕೆ ಹಾಕಿದಾಗ ಐಸ್ ಕರಗಿದಂತೆಲ್ಲ ನೇರಳೆ ಎಳೆಗಳು ಇಳಿದವು. ಆಯಿ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಪೂರ್ತಿ ಕುಡಿದಳು. “ಚಂದ ಇದ್ದು” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಈಗ ಒಂದು ಲೋಟ ಕಷಾಯ ಮಾಡು.”

ಒಂದು ಎಚ್ಚರಿಕೆ: ಹೂವಿನಂಗಡಿಯ ಗುಲಾಬಿಯನ್ನು ಚಹಾಕ್ಕೆ ಹಾಕಬೇಡಿ. ಅದಕ್ಕೆ ಔಷಧಿ ಹೊಡೆದಿರುತ್ತಾರೆ. ಮನೆಯ ಗಿಡದ್ದಾದರೆ ಸರಿ.

ಇನ್ನು ಹಣ್ಣು. ಮುರುಗಲನ್ನು ಮಂಗಳೂರಿನವರು ಪುನರ್ಪುಳಿ ಅನ್ನುತ್ತಾರೆ, ಪ್ಯಾಕೆಟ್ಟಿನ ಮೇಲೆ ಕೋಕಂ ಅಂತ ಇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹಣ್ಣಾಗುತ್ತದೆ, ಸಿಪ್ಪೆ ಒಣಗಿಸಿದರೆ ವರ್ಷವಿಡೀ. ಕೊಳ್ಳುವಾಗ ಉಪ್ಪು ಹಾಕಿದ್ದೋ ಹಾಕದ್ದೋ ಕೇಳಿ. ನಾನು ಕೇಳದೆ ತಂದು, ನೆಂಟರಿಗೆ ಬೆಲ್ಲ ಹಾಕಿದ ಉಪ್ಪುನೀರು ಕೊಟ್ಟಿದ್ದೇನೆ. ಆರು ಸಿಪ್ಪೆಯನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿದರೆ ಮೂರು ಲೋಟ ಪಾನಕಕ್ಕೆ ಸಾಕು. ಜೋನಿ ಬೆಲ್ಲ (ನೀರು ಬೆಲ್ಲ), ಚಿಟಿಕೆ ಹುರಿದ ಜೀರಿಗೆ ಪುಡಿ. ಬಿಳಿ ಬಟ್ಟೆ ಹಾಕಿಕೊಂಡು ಕಿವುಚಬೇಡಿ.

ಮನೆಯಲ್ಲಿ ಎಲ್ಲರೂ ಕೇಳಿ ಕುಡಿಯುವುದು ಮಾತ್ರ ಅನಾನಸ್ ಸಿಪ್ಪೆಯದು. ನಮ್ಮ ಬನವಾಸಿ ಕಡೆ ಅನಾನಸ್ ಜಾಸ್ತಿ, ಊರಿಂದ ಬರುವಾಗ ಡಿಕ್ಕಿಯಲ್ಲಿ ನಾಲ್ಕಾದರೂ ಇರುತ್ತದೆ. ಹಣ್ಣನ್ನು ಹೆಚ್ಚುವ ಮೊದಲೇ ಬ್ರಶ್ಶಿನಿಂದ ತಿಕ್ಕಿ ತೊಳೆಯಬೇಕು, ಆ ಕಣ್ಣುಗಳಲ್ಲಿ ಮಣ್ಣು ಕೂತಿರುತ್ತದೆ. ಒಂದು ಹಣ್ಣಿನ ಸಿಪ್ಪೆ ಮತ್ತು ನಡುವಿನ ದಿಂಡು, ಒಂದೂವರೆ ಲೀಟರ್ ನೀರು, ಬೆರಳುದ್ದ ಚಕ್ಕೆ, ಮೂರು ಲವಂಗ, ಜಜ್ಜಿದ ಶುಂಠಿ. ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ. ಹೌದು, ಇದನ್ನು ಕುದಿಸಲೇಬೇಕು. ಸೋಸಿದ ಮೇಲೆ ಬಿಸಿ ಇರುವಾಗಲೇ ಹತ್ತು ಎಲೆ ಪುದೀನ ಹಾಕಿ ಮುಚ್ಚಿ, ತಣಿದ ಮೇಲೆ ಫ್ರಿಜ್ಜಿಗೆ. ಎರಡು ದಿನದೊಳಗೆ ಮುಗಿಸುತ್ತೇನೆ, ಮೂರನೇ ದಿನ ಹುಳಿ ಬರಲು ಶುರುವಾಗುತ್ತದೆ.

ಐಸ್ ಹಾಕಿ ಕುಡಿಯುವುದಾದರೆ ಯಾವುದೇ ಚಹಾವನ್ನೂ ಒಂದೂವರೆ ಪಾಲು ಗಟ್ಟಿ ಮಾಡಿ. ನಿಂಬೆರಸ ಯಾವಾಗಲೂ ತಣಿದ ಮೇಲೆ.

ಹಾಲಿನ ಚಹಾ ಪೂರ್ತಿ ಬಿಟ್ಟು ಇವನ್ನು ಕುಡಿಯಲು ಹೊರಟವರಿಗೆ ಒಂದು ಮಾತು. ನನಗೆ ನಾಲ್ಕು ದಿನ ತಲೆ ಸಿಡಿಯುವ ನೋವು. ಪುದೀನದಲ್ಲಿ, ಮುರುಗಲಿನಲ್ಲಿ ಕೆಫೀನ್ ಇಲ್ಲ, ದೇಹ ಅದನ್ನು ಕೇಳುತ್ತದೆ. ಬೆಳಗಿನ ಒಂದು ಲೋಟ ಚಹಾ ಇಟ್ಟುಕೊಂಡೆ, ಸರಿಹೋಯಿತು.

ನನ್ನ ದೊಡ್ಡ ತಪ್ಪು ಅತಿಮಧುರ, ಅಂದರೆ ಜೇಷ್ಠಮಧು. ಸಕ್ಕರೆ ಬೇಡ ಅಂತ ಮಾವನವರ ಚಹಾಕ್ಕೆ ದಿನಾ ಎರಡು ತುಂಡು ಜೇಷ್ಠಮಧು ಹಾಕುತ್ತಿದ್ದೆ. ಅವರಿಗೆ ಬಿಪಿ ಇದೆ. ಮಾತ್ರೆ ತಪ್ಪಿಸದಿದ್ದರೂ ಏರುತ್ತಿದೆ ಅಂತ ಡಾಕ್ಟರ್ ಊಟ-ತಿಂಡಿಯೆಲ್ಲ ವಿಚಾರಿಸಿದಾಗ ಇದು ಹೊರಬಂತು. ಜೇಷ್ಠಮಧು ದಿನಾ ತೆಗೆದುಕೊಂಡರೆ ರಕ್ತದೊತ್ತಡ ಏರಿಸುತ್ತದೆ, ಮೈಯ ಪೊಟ್ಯಾಶಿಯಂ ಇಳಿಸುತ್ತದೆ. ಗಿಡದ್ದು ತಾನೇ, ಏನಾಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಮಾತ್ರೆ ತೆಗೆದುಕೊಳ್ಳುವವರಿಗೆ, ಬಸುರಿಯರಿಗೆ ದಿನಾ ಕೊಡುವುದಾದರೆ ಮೊದಲು ಡಾಕ್ಟರನ್ನು ಕೇಳಿಬಿಡಿ. ಈಗ ಮಾವನವರಿಗೆ ಸಪ್ಪೆ ಮಜ್ಜಿಗೆ ಹುಲ್ಲಿನ ಚಹಾ. ಗೊಣಗುತ್ತಲೇ ಕುಡಿಯುತ್ತಾರೆ.

ಎಲೆ ಒಣಗಿಸುವ ಕೆಲಸವನ್ನು ಫೆಬ್ರವರಿ-ಮಾರ್ಚಿನಲ್ಲೇ ಮುಗಿಸುತ್ತೇನೆ. ಬಿಸಿಲಿಗೆ ಹಾಕಿದರೆ ಪುದೀನ ಕಪ್ಪಾಗುತ್ತದೆ, ಫ್ಯಾನಿನ ಕೆಳಗೆ ಹಳೇ ಪಂಚೆಯ ಮೇಲೆ ಹರಡಿದರೆ ಹಸಿರು ಉಳಿಯುತ್ತದೆ. ಮುರಿದರೆ ಪಟ್ ಅನ್ನಬೇಕು. ಬಗ್ಗಿದರೆ ಇನ್ನೂ ಆಗಿಲ್ಲ. ಹಾಗೆ ಬಗ್ಗುತ್ತಿದ್ದುದನ್ನೇ ಅವಸರಕ್ಕೆ ಬಾಟಲಿಗೆ ತುಂಬಿ ಜೂನಿನಲ್ಲಿ ಊರಿಗೆ ಒಯ್ದಿದ್ದೆ. ಹದಿನೈದು ದಿನದ ಮಳೆ ಕಳೆದು ಮುಚ್ಚಳ ತೆಗೆದರೆ ಒಳಗೆ ಬೆಕ್ಕಿನ ಮರಿಯ ಹಾಗೆ ಬೆಳ್ಳಗೆ ಬೂಷ್ಟು. ಆಯಿ ಏನೂ ಹೇಳಲಿಲ್ಲ, ಬಾಟಲಿಯನ್ನು ಬೂದಿ ಹಾಕಿ ತೊಳೆದು ಅದರಲ್ಲಿ ಕಷಾಯದ ಪುಡಿ ತುಂಬಿ ಕೊಟ್ಟಳು.