ಹಳೇ ಪಾಯಿಂಟ್ ಟೂಟೂ ಗುರಿ ತಪ್ಪುತ್ತಿದೆಯೇ?

ಸೆಪ್ಟೆಂಬರ್ ಬಂತೆಂದರೆ ಕೊಡಗಿನಲ್ಲಿ ಕೈಲ್ ಮುಹೂರ್ತ. ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ತಡೆ ಹಾಕಿದ ಮೇಲೆ, ಅಜ್ಜನ ಕಾಲದ .22 ರೈಫಲ್‌ಗೆ ಉಳಿದಿರುವುದು ಇಂಥ ಕೆಲಸವೇ. ಹೋದ ವರ್ಷ ಸರಿಯಿದ್ದ ಕೋವಿ ಈ ಸಲ ಎತ್ತಲೋ ಹೊಡೆದರೆ, ‘ನಳಿಗೆ ಸವೆದಿದೆ’ ಎಂದು ಎಲ್ಲರೂ ಹೇಳಿಬಿಡುತ್ತಾರೆ. ಮೆತ್ತನೆ ಸೀಸದ ಗುಂಡಿಗೆ ನಳಿಗೆ ಅಷ್ಟು ಸುಲಭವಾಗಿ ಸವೆಯುವುದಿಲ್ಲ. ಮೊದಲು ಅನುಮಾನ ಪಡಬೇಕಾದ್ದು ಮಳೆಗಾಲವನ್ನು.

ಕೋವಿ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದಿಡಿ. ಎಣ್ಣೆ ಹಚ್ಚಿದ ಚಿಂದಿಯನ್ನು ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಬಾಯಿಯ ಕಡೆಯಿಂದ ಕಬ್ಬಿಣದ ಕಡ್ಡಿ ತುರುಕಬೇಡಿ. ಗುಂಡು ಕೊನೆಯದಾಗಿ ತಾಗಿ ಹೋಗುವುದು ನಳಿಗೆಯ ತುದಿಯ ಅಂಚನ್ನು, ಕಡ್ಡಿ ತಿಕ್ಕಿ ಹಾಳಾಗುವುದೂ ಅದೇ. ಹತ್ತಿಯ ಇಯರ್‌ಬಡ್ ಒಂದನ್ನು ಆ ಅಂಚಿನ ಸುತ್ತ ಒಳಗಿನಿಂದ ಹೊರಕ್ಕೆ ಎಳೆದು ನೋಡಿ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮುಕ್ಕಾಗಿದೆ. ಇದನ್ನು ಮನೆಯಲ್ಲಿ ಅರದಿಂದ ಸರಿಮಾಡಲು ಹೋಗಬೇಡಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೇ ಕೊಡಿ. ಕೋವಿಯ ಕುದುರೆಯ, ಅಂದರೆ ಟ್ರಿಗರ್‌ನ ಕೆಲಸವೂ ಅವರದ್ದೇ.

ಈಗ ಮರ. ಜೂನ್‌ನಿಂದ ತೇವ ಕುಡಿದ ಸ್ಟಾಕ್ (ನಳಿಗೆಯನ್ನು ಕೂರಿಸಿರುವ ಮರದ ಭಾಗ) ಉಬ್ಬಿ ನಳಿಗೆಯನ್ನು ಒಂದು ಬದಿಗೆ ಒತ್ತುತ್ತದೆ. ನಳಿಗೆಗೂ ಮರಕ್ಕೂ ನಡುವೆ ಒಂದು ಕಾಗದದ ಚೂರನ್ನು ಜಾರಿಸಿ. ಎಡಕ್ಕೆ ಸಲೀಸು, ಬಲಕ್ಕೆ ಬಿಗಿ ಎಂದಾದರೆ ಕಳ್ಳ ಸಿಕ್ಕಿದ ಹಾಗೆ. ಸ್ಟಾಕ್ ಬಿಚ್ಚಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ನೋಡಿ. ಆಗಲೂ ಒತ್ತುತ್ತಿದ್ದರೆ ಅಲ್ಲಷ್ಟೇ ನಯವಾದ ಮರಳುಕಾಗದ ಆಡಿಸಿ. ಉಜ್ಜಿದ ಜಾಗಕ್ಕೆ ವಾರ್ನಿಷ್ ಬಳಿಯಲೇಬೇಕು, ಇಲ್ಲವಾದರೆ ಮುಂದಿನ ಮಳೆಗೆ ಇನ್ನೂ ಜಾಸ್ತಿ ನೀರು ಕುಡಿಯುತ್ತದೆ. ಒಂದು ಎಚ್ಚರ: ಕೆಲವು ಹಳೇ ರೈಫಲ್‌ಗಳಲ್ಲಿ ಮರದ ತುದಿ ನಳಿಗೆಗೆ ತಾಗಲೆಂದೇ ಮಾಡಿರುತ್ತಾರೆ. ಎರಡೂ ಬದಿ ಸಮನಾಗಿ ತಾಗುತ್ತಿದ್ದರೆ ಸುಮ್ನೆ ಬಿಟ್ಟುಬಿಡಿ.

ಸ್ಟಾಕ್ ಮತ್ತೆ ಕೂರಿಸುವಾಗ ಅದರ ಸ್ಕ್ರೂಗಳನ್ನು ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಿಂದ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಜೀವ ಹೋಗುವಂತೆ ತಿರುಗಿಸಿದರೆ ಮರ ನಜ್ಜುಗುಜ್ಜಾಗುತ್ತದೆ. ಗುರಿಮಣಿ (ನಳಿಗೆಯ ಮೇಲೆ ಗುರಿ ನೋಡಲು ಇರುವ ಮಣಿ), ಟೆಲಿಸ್ಕೋಪ್ ಅಲುಗುತ್ತವೆಯೇ ಎಂದೂ ಮುಟ್ಟಿ ನೋಡಿ.

ಕೊನೆಗೆ ತೋಟೆ. ನನ್ನನ್ನು ಕೇಳಿದರೆ ಅರ್ಧ ಸಮಸ್ಯೆ ಇಲ್ಲೇ ಇರುತ್ತದೆ. ‘ಹೈ ವೆಲಾಸಿಟಿ’ ಎಂದು ಬರೆದ ಡಬ್ಬಿ ಆಕರ್ಷಕವೇನೋ ಹೌದು. ಆದರೆ ಆ ಗುಂಡು ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ಅಲುಗಾಡುವುದುಂಟು. ಶಬ್ದಕ್ಕಿಂತ ನಿಧಾನವಾಗಿ, ಸೆಕೆಂಡಿಗೆ ಸುಮಾರು 330 ಮೀಟರ್ ಹೋಗುವ ಸ್ಟ್ಯಾಂಡರ್ಡ್ ತೋಟೆ ಸಾಮಾನ್ಯವಾಗಿ ಹೆಚ್ಚು ಒಟ್ಟಾಗಿ ಬೀಳುತ್ತದೆ. ಶೂಟಿಂಗ್ ರೇಂಜ್‌ನಲ್ಲಿ ಮರಳುಚೀಲದ ಮೇಲೆ ಕೋವಿ ಇಟ್ಟು, ಎರಡು ಮೂರು ಬ್ರಾಂಡ್‌ಗಳಿಂದ ಐದೈದು ಗುಂಡು ಹೊಡೆಯಿರಿ. ಪ್ರತಿಯೊಂದಕ್ಕೂ ಬೇರೆ ಕಾಗದ. ಬ್ರಾಂಡ್ ಬದಲಿಸಿದಾಗ ಮೊದಲು ಐದಾರು ಗುಂಡು ಹೆಚ್ಚಿಗೆ ಹೊಡೆಯಿರಿ, ಅವನ್ನು ಈ ಐದರ ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ಬ್ರಾಂಡಿನ ಗುಂಡಿಗೆ ಸವರಿದ್ದ ಮೇಣ ನಳಿಗೆಯಲ್ಲಿ ಇನ್ನೂ ಇರುತ್ತದಲ್ವಾ? ನಡುವಿಗೆ ಬೀಳದಿದ್ದರೂ ಒತ್ತೊತ್ತಾಗಿ ಬಿದ್ದದ್ದೇ ಒಳ್ಳೆಯ ತೋಟೆ. ನಡುವಿಗೆ ತರಲು ಗುರಿಮಣಿ ಸರಿಸಿದರಾಯಿತು.

ಗುಂಪು ಚೆನ್ನಾಗಿ ಬಿದ್ದ ಡಬ್ಬಿಯ ಲಾಟ್ ನಂಬರ್ ಬರೆದಿಟ್ಟು, ಅದೇ ಲಾಟ್‌ನದ್ದು ಕೊಳ್ಳಿ. ಪೈಪೋಟಿಯ ಹಿಂದಿನ ದಿನ ಮಾತ್ರ ನಳಿಗೆಯನ್ನು ತಿಕ್ಕಿ ತೊಳೆಯಬೇಡಿ. ಚೊಕ್ಕ ನಳಿಗೆಯ ಮೊದಲ ಗುಂಡುಗಳು ಕಾಯಿಯ ಪಕ್ಕದಲ್ಲೇ ಹಾದುಹೋಗಬಹುದು.