ಪ್ರಾರ್ಥನಾ ವಿಷಯವೂ ಪರರ ವಿಷಯವೂ

ನಮ್ಮ ಸಭೆಯ ಮನೆಪ್ರಾರ್ಥನಾ ಕೂಟವನ್ನು ನಡೆಸುವ ಹೊಣೆ ಹಲವು ವರ್ಷಗಳಿಂದ ನನ್ನ ಮೇಲಿದೆ. ವಿಶ್ವಾಸಿಗಳ ನಡುವೆ ಚಾಡಿಯು ಚಾಡಿಯಾಗಿಯೇ ಬರುವುದು ಅಪರೂಪ. "ಪ್ರಾರ್ಥನೆಗಾಗಿ ಹೇಳುತ್ತಿದ್ದೇನೆ" ಎಂಬ ಪೀಠಿಕೆಯೊಂದಿಗೆ, ತಗ್ಗಿದ ದನಿಯಲ್ಲಿ ಅದು ಬರುತ್ತದೆ. ಯಾರದೋ ಮಗಳ ನಿಶ್ಚಿತಾರ್ಥ ಮುರಿದದ್ದು, ಯಾರದೋ ಮನೆಯ ಸಾಲ, ಯಾರೋ ಆರಾಧನೆಗೆ ಬರುವುದನ್ನು ಬಿಟ್ಟದ್ದು, ಇವೆಲ್ಲ ನಾವು ಮೊಣಕಾಲೂರುವ ಮೊದಲೇ ಊರ ಸುದ್ದಿಯಾಗಿರುತ್ತಿದ್ದವು. ಹೇಳುವವರಲ್ಲಿ ನಿಜವಾದ ಕಳಕಳಿಯೂ ಬೆರೆತಿರುವುದರಿಂದ ಅವರನ್ನು ತಡೆಯುವುದು ಸುಲಭವಲ್ಲ.

ಸಭಾಪಾಲಕರೊಡನೆ ಸಮಾಲೋಚಿಸಿ ನಾನು ಕೂಟದಲ್ಲಿ ಒಂದು ಕ್ರಮವನ್ನು ತಂದೆನು: ಬೇರೊಬ್ಬರ ವಿಷಯವನ್ನು ಪ್ರಾರ್ಥನೆಗೆ ಇಡುವವರು ಮೊದಲು ಅವರ ಒಪ್ಪಿಗೆಯನ್ನು ಪಡೆದಿರಬೇಕು. ಒಪ್ಪಿಗೆ ಇಲ್ಲದಿದ್ದರೆ ಹೆಸರನ್ನು ಮಾತ್ರ ಹೇಳಿ ಪ್ರಾರ್ಥಿಸೋಣ, ವಿವರವನ್ನು ಕರ್ತನು ಬಲ್ಲನು ಎಂದೆನು. ಯಾರಾದರೂ ವಿವರಕ್ಕೆ ಇಳಿದಾಗ, "ಅಕ್ಕಾ, ನಾಳೆ ನಾವಿಬ್ಬರೂ ಅವರ ಮನೆಗೆ ಹೋಗಿ ಬರೋಣವೇ?" ಎಂದು ಮೃದುವಾಗಿ ಕೇಳುತ್ತೇನೆ. ಹೋಗಲು ಒಪ್ಪಿದವರೊಂದಿಗೆ ಹೋಗಿದ್ದೇನೆ. ಒಪ್ಪದವರ ಮಾತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಈ ವಿಷಯದಲ್ಲಿ ನನಗೆ ಹೆಚ್ಚು ದಾರಿ ತೋರಿಸಿದ್ದು ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರಿಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರದ ಮೊದಲನೆಯ ಅಧ್ಯಾಯ. ಅಲ್ಲಿನ ಸಭೆಯಲ್ಲಿ ಜಗಳಗಳಿವೆಯೆಂಬ ಸುದ್ದಿ ಅವನಿಗೆ ತಲುಪಿತ್ತು. ಅದನ್ನು ಹೇಳಿದವರು ಖ್ಲೋಯೆಯ ಮನೆಯವರು ಎಂದು ಅವನು 11ನೆಯ ವಚನದಲ್ಲಿ ಬಹಿರಂಗವಾಗಿಯೇ ಬರೆಯುತ್ತಾನೆ. "ನನ್ನ ಹೆಸರು ಹೇಳಬೇಡಿ" ಎಂದು ಪಿಸುಗುಟ್ಟುವ ಮಾತಿಗೂ, ಸರಿಪಡಿಸಬಲ್ಲವರಿಗೆ ಹೆಸರು ಸಹಿತ ತಿಳಿಸುವ ಮಾತಿಗೂ ಇರುವ ಅಂತರ ನನಗೆ ಅಲ್ಲಿ ಸ್ಪಷ್ಟವಾಯಿತು. ಅಷ್ಟೇ ಅಲ್ಲ, ತಪ್ಪನ್ನು ಎತ್ತಿ ಹೇಳುವ ಮೊದಲು ಪೌಲನು ಅವರಿಗೆ ದೊರೆತ ವರಗಳಿಗಾಗಿ ದೇವರನ್ನು ಸ್ತುತಿಸುತ್ತಾನೆ. ಆ ಸ್ತುತಿ ಬರಿಯ ಶಿಷ್ಟಾಚಾರವಲ್ಲವೆಂದೇ ನಾನು ನಂಬುತ್ತೇನೆ.

ಆದರೆ ಕೆಟ್ಟ ಮಾತನ್ನು ನಿಲ್ಲಿಸಿದರೆ ಸಾಲದು. ಎಫೆಸದವರಿಗೆ ಪೌಲನು ಬರೆದ ಪತ್ರದ 4:29ನೆಯ ವಚನವು ಕೇಳುವವರ ಹಿತಕ್ಕಾಗಿ ಸಮಯೋಚಿತವಾದ ಒಳ್ಳೆಯ ಮಾತನ್ನೂ ನಮ್ಮಿಂದ ನಿರೀಕ್ಷಿಸುತ್ತದೆ. ಮೊದಲು ವಿಶ್ವಾಸಿಗಳನ್ನು ಹಿಂಸಿಸುತ್ತಿದ್ದ ಸೌಲನಿಗೆ (ಇವನೇ ಮುಂದೆ ಪೌಲನೆನಿಸಿದವನು) ಯೆರೂಸಲೇಮಿನ ಶಿಷ್ಯರು ಹೆದರಿದಾಗ, ಬಾರ್ನಬನೆಂಬ ವಿಶ್ವಾಸಿಯು ಅವನನ್ನು ಕರೆತಂದು, ಸೌಲನು ದಾರಿಯಲ್ಲಿ ಕರ್ತನನ್ನು ಕಂಡದ್ದನ್ನೂ ದಮಸ್ಕದಲ್ಲಿ ಧೈರ್ಯವಾಗಿ ಸಾರಿದ್ದನ್ನೂ ಅಪೊಸ್ತಲರಿಗೆ ವಿವರಿಸಿದನು. ಅದು ಹೊಗಳಿಕೆಯಲ್ಲ, ಸಾಕ್ಷ್ಯ. ನಾನೂ ಹಾಗೆಯೇ, ಕಂಡದ್ದನ್ನು ಕಂಡಂತೆ ಹೇಳಲು ಅಭ್ಯಾಸ ಮಾಡಿಕೊಂಡೆನು. "ಪ್ರಸಂಗ ಚೆನ್ನಾಗಿತ್ತು" ಎನ್ನುವ ಬದಲು ಯಾವ ಮಾತು ಮನೆಯವರೆಗೂ ನನ್ನೊಡನೆ ಬಂದಿತೆಂದು ಸಭಾಪಾಲಕರಿಗೆ ತಿಳಿಸುತ್ತೇನೆ. ವೇದಪಾಠ ಓದಿದ ಹುಡುಗಿಗೆ, ಕಠಿಣವಾದ ಹೆಸರುಗಳನ್ನು ಅವಳು ಮೊದಲೇ ಅಭ್ಯಾಸ ಮಾಡಿ ಬಂದದ್ದು ಕೇಳುವವರಿಗೆ ತಿಳಿಯಿತೆಂದು ಹೇಳಿದೆನು. ಈಗ ಅವಳು ಭಾನುವಾರ ಶಾಲೆಯ ಮಕ್ಕಳಿಗೆ ಓದಲು ಕಲಿಸುತ್ತಿದ್ದಾಳೆ. ಶನಿವಾರ ದೇವಾಲಯವನ್ನು ಗುಡಿಸುವ ಹಿರಿಯರ ಕೆಲಸವನ್ನು ಅವರ ಮೊಮ್ಮಕ್ಕಳ ಎದುರಿನಲ್ಲಿಯೇ ನೆನೆಯುತ್ತೇನೆ.

ಪ್ರೋತ್ಸಾಹದ ಹೆಸರಿನಲ್ಲಿ ಅನ್ಯಾಯವನ್ನು ಮುಚ್ಚಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ವೈಯಕ್ತಿಕ ಮನಸ್ತಾಪವಿದ್ದರೆ ಮತ್ತಾಯನ ಸುವಾರ್ತೆ 18:15ರಂತೆ ಇಬ್ಬರೇ ಕುಳಿತು ಮಾತಾಡಿಕೊಳ್ಳಬಹುದು. ಸಭೆಯ ಹಣದ ವಿಷಯವನ್ನು ಸಭಾ ಸಮಿತಿಗೆ ಬರವಣಿಗೆಯಲ್ಲಿ, ಸಹಿ ಸಹಿತ ಕೊಡಬೇಕು. ಮಗುವಿನ ಅಥವಾ ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ ಬಂದರೆ ಸಮಿತಿಗಾಗಿ ಕಾಯದೆ ಪೊಲೀಸರಿಗೆ ತಿಳಿಸಬೇಕೆಂದು ಕೂಟದಲ್ಲಿ ಎಲ್ಲರಿಗೂ ಹೇಳಿದ್ದೇನೆ.